ಳ ಅಕ್ಷರದ ತೆರವು ಹಾಳೆ

ಮೊಮ್ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ಎಂದರೆ, ಗೋಗಿ ಕಡೆ ಕಾಲುವೆ ಇನ್ನೂ ಬರೀ ಉದ್ದನೆಯ ತಗ್ಗಾಗಿದ್ದ ಕಾಲ. ಅಪ್ಪ, ಅವ್ವ, ಅಕ್ಕ ಮೂವರೂ ಅಲ್ಲಿ ಮಣ್ಣು ಹೊರುತ್ತಿದ್ದರು. ನಾನೊಬ್ಬಳೇ ಸಾಲಿಗೆ ಹೋಗುತ್ತಿದ್ದೆ.

ನಮ್ಮ ಮಾಸ್ತರರು ಸುಮ್ಮನೆ ಕೂರುವವರಲ್ಲ. ಊರವರ ಅರ್ಜಿ ಹಿಡಿದು ಕಚೇರಿಗೆ ಅಲೆಯುವವರೂ ಅವರೇ. ಪುಸ್ತಕದ ಕನ್ನಡ ನಮಗೆ ಹತ್ತುವುದಿಲ್ಲವೆಂದು, ನಮ್ಮ ಬಾಯಿಯ ಮಾತುಗಳಿಂದಲೇ ಒಂದು ಅಂಕಲಿಪಿ ಮಾಡಿ ಶಹಾಪುರದಲ್ಲಿ ಅಚ್ಚು ಹಾಕಿಸಲು ಹೊರಟರು. ಒಬ್ಬೊಬ್ಬರಿಗೆ ಒಂದೊಂದು ಅಕ್ಷರ. ಅದಕ್ಕೆ ಮಾತು ನಾವೇ ತರಬೇಕು.

ಅವತ್ತು ಚೀಟಿ ಎತ್ತಿದೆವು. ಸಾಲಿಯ ತಗಡು ಬಿಸಿಲಿಗೆ ಚಟಚಟ ಅನ್ನುತ್ತಿತ್ತು. ಪಕ್ಕ ಕೂರುವ ಗೆಳತಿಗೆ ಜ ಬಂತು. "ಜ್ವಾಳ!" ಎಂದು ಕುಣಿದಳು. ನನಗೆ ಬಂದದ್ದು ಳ.

"ಇದರಿಂದ ಯಾವ ಮಾತು ಸುರು ಆಗ್ತದ್ರಿ ಮಾಸ್ತರ್ರಿ?" ಎಂದೆ.

"ಸುರು ಆಗೂದಿಲ್ಲವ್ವ, ಒಳಗ ಕುಂತಿರ್ತದ. ನಿನ್ನ ಗೆಳತಿ ಜ್ವಾಳದಾಗೂ ಅದ ನೋಡು. ನಿಂದೊಂದು ಹುಡುಕಿ ತಾ. ಅಲ್ಲೀತನಕ ನಿನ್ನ ಹಾಳಿ ತೆರವಿಟ್ಟಿರ್ತೀನಿ."

ಗೆಳತಿ ಕಿಸಕ್ಕನೆ ನಕ್ಕಳು. "ಎಲ್ಲಾದ್ರಕಿಂತ ಹಿಂದಿಂದು ಬಂತ್ ನೋಡ್ರಿ ಇಕಿಗೆ!"

ನನಗೆ ಸಿಟ್ಟು ನೆತ್ತಿಗೇರಿತು. ಚೀಟಿ ಹರಿದೊಗೆದು ಕಾಲುವೆಗೆ ಓಡಿದೆ. ಅಪ್ಪ ನನ್ನ ಕೈಗೂ ಒಂದು ಬುಟ್ಟಿ ಕೊಟ್ಟ. ಸಂಜೆಗೆ ಮಾಸ್ತರರು ಕಪ್ಪು ಮಣ್ಣು ತುಳಿಯುತ್ತ ನನ್ನನ್ನು ಹುಡುಕಿಕೊಂಡು ಬಂದರು. ನಾನು ಮಣ್ಣಿನ ಗುಡ್ಡೆಯ ಹಿಂದೆ ಅಡಗಿ ಕೂತೆ. ದನಿ ಬೀಳುವವರೆಗೂ ಕೂಗಿದರು. ನಾನು ಓ ಅನ್ನಲಿಲ್ಲ. ತಪ್ಪು ನನ್ನದೇ, ಇನ್ನೊಬ್ಬರ ಮೇಲೆ ಹಾಕಲಾರೆ.

"ಸಾಲಿಗಿ ಯಾವಾಗ ಹೋಗ್ತೀಯೇ?" ಅಕ್ಕ ದಿನಾ ಕೇಳುತ್ತಿದ್ದಳು.

"ನಾಳಿ."

"ನಿನ್ನೀನೂ ಇದನ್ನೇ ಅಂದಿದ್ದಿ!"

"ನಾಳಿ ಅಂದೆನಲ್ಲ, ತೆಲಿ ತಿನಬ್ಯಾಡ."

ಹೀಗೇ ಆ ವರ್ಷ ಹೋಯಿತು. ಮಾಸ್ತರರಿಗೆ ಸುರಪುರದ ಕಡೆ ವರ್ಗವಾಯಿತು. ಅಂಕಲಿಪಿ ಅಚ್ಚಾಗಿ ಬಂದಾಗ ಅಕ್ಕ ಒಂದನ್ನು ಸೆರಗಿನಲ್ಲಿ ಸುತ್ತಿ ತಂದಳು. ಮೂಗಿಗೆ ಮಸಿಯ ವಾಸನೆ ಹೊಡೆಯಿತು. ಕೊನೆಯ ಹಾಳೆಯಲ್ಲಿ ದಪ್ಪಗೆ ಳ ಇತ್ತು. ಅದರ ಕೆಳಗೆ ಏನೂ ಇರಲಿಲ್ಲ. ಮಾಸ್ತರರು ಆಡಿದ ಮಾತಿನಂತೆ ತೆರವಿಟ್ಟಿದ್ದರು.

ಈಗ ಆ ಕಾಲುವೆಯಲ್ಲಿ ನೀರು ಹರಿಯುತ್ತದೆ. ನಿಮ್ಮ ಪುಸ್ತಕದ ತುಂಬ ಬಣ್ಣದ ಚಿತ್ರಗಳಿವೆ, ತೆರವು ಜಾಗವೇ ಇಲ್ಲ. ಸಾಲಿ ಬಿಟ್ಟ ನನಗೆ ಇವತ್ತಿಗೂ ಓದುವಾಗ ಒತ್ತಕ್ಷರ ಬಂದರೆ ನಾಲಿಗೆ ತೊಡರುತ್ತದೆ. ನಿನ್ನೆ ಪುಸ್ತಕ ತೆಗೆಯಿರಿ ಅಂದರೆ ನಿಮ್ಮಲ್ಲಿ ಸಣ್ಣಾಕಿ, "ನಾಳಿ ಓದ್ತೀನಿ ಬಿಡು ಆಯಿ" ಅಂದಳು.

ಆಗ ಹೊಳೆಯಿತು. ಳ ಅಕ್ಷರದ ಮಾತು ಆ ವರ್ಷವೆಲ್ಲ ನನ್ನ ಬಾಯಲ್ಲೇ ಇತ್ತು. ಈಗ ಹೇಳೋಣವೆಂದರೆ ಮಾಸ್ತರರಿಲ್ಲ.