ಅಟ್ಟದ ಮೇಲಿಟ್ಟ ಯುರೇನಿಯಂ

ಜಯಮ್ಮ, ನಿಮ್ಮ ತೋಟದ ದಾರಿ ಕೈತಪ್ಪಿದ್ದು ನನ್ನಿಂದ. ಪಕ್ಕದ ಜಮೀನಿನವರಿಂದಲ್ಲ — ನನಗೆ ಗೊತ್ತಿದ್ದ ಒಂದು ಮಾತನ್ನು ನಿಮಗೆ ಹೇಳಲಿಲ್ಲ.

ಚನ್ನರಾಯಪಟ್ಟಣದಲ್ಲಿ ಇಷ್ಟು ವರ್ಷ ಭೌತಶಾಸ್ತ್ರ ಪಾಠ ಹೇಳಿದವನು ನಾನು. ಪ್ರತಿ ವರ್ಷ ಸೀಮೆಸುಣ್ಣದ ಚೂರೊಂದನ್ನು ಎತ್ತಿ ಹಿಡಿದು, ‘ಇಷ್ಟೇ ಯುರೇನಿಯಂ, ಒಂದು ಗಾಡಿ ಕಲ್ಲಿದ್ದಲಿನ ಕೆಲಸ ಮಾಡುತ್ತದೆ’ ಎನ್ನುವಾಗ ಮಕ್ಕಳಿಗಿಂತ ಮೊದಲು ನನಗೇ ಮೈ ಜುಮ್ಮೆನ್ನುತ್ತಿತ್ತು. ಭೂಮಿ ಹುಟ್ಟಿದಾಗಿನಿಂದ ಕಲ್ಲಿನೊಳಗೆ ಸುಮ್ಮನೆ ಕೂತಿರುವ ಬೆಂಕಿ ಅದು! ನಿವೃತ್ತನಾದ ಮೇಲೆ, ಯುರೇನಿಯಂ ಗಣಿಗಳ ಷೇರು ಕೊಳ್ಳುವ ವಿದೇಶಿ ಫಂಡೊಂದಿದೆ ಎಂದು ತಿಳಿದಾಗ ಹಗಲೆಲ್ಲ ಅದನ್ನೇ ಓದುತ್ತಾ ಕೂತೆ. ಲಾಭದ ಗೆರೆ ಗುಡ್ಡ ಹತ್ತಿದಂತೆ ಏರಿತ್ತು. ಬೀಳುವ ಕಥೆಯನ್ನೂ ಓದಿದೆ. ಗಣಿಗಳು ಕೆಲವೇ, ಕೊಳ್ಳುವವರೂ ಕೆಲವರೇ. ಎಲ್ಲೋ ಒಂದು ಸ್ಥಾವರದಲ್ಲಿ ಅವಘಡವಾದರೆ, ಯಾವುದೋ ಸರ್ಕಾರ ಮನಸ್ಸು ಬದಲಿಸಿದರೆ ಬೆಲೆ ಕುಸಿಯುತ್ತದೆ, ಮತ್ತೆ ಏಳಲು ವರ್ಷಗಳೇ ಬೇಕು. ಬೇಗ ಬೇಕಾಗುವ ದುಡ್ಡನ್ನು ಅಲ್ಲಿ ಇಡಬಾರದು — ಅಷ್ಟು ನನಗೆ ಅರ್ಥವಾಗಿತ್ತು. ನನ್ನ ದುಡ್ಡು ಬ್ಯಾಂಕಿನಲ್ಲೇ ಇತ್ತು.

ಕೊಬ್ಬರಿ ಮಾರಿದ ದುಡ್ಡು ಹಿಡಿದು ನೀವು ಬಂದಿರಿ. ನಿಮ್ಮ ತೋಟಕ್ಕೆ ಗಾಡಿ ಹೋಗುವುದೇ ಪಕ್ಕದವರ ಜಮೀನಿನ ಅಂಚಿನಲ್ಲಿ. ಅವರು ಆ ಅಂಚಿನ ಪಟ್ಟಿ ನೆಲ ಮಾರಿದರೆ ನೀವೇ ಕೊಳ್ಳಬೇಕು, ಇಲ್ಲದಿದ್ದರೆ ದಾರಿ ಹೋದಂತೆಯೇ.

“ಬರೋ ವರ್ಷ ಮಾರ್ತಾರಂತೆ ಸಾ. ಅಲ್ಲೀಗಂಟ ಎಲ್ಲಾದ್ರೂ ಬೆಳೀಲಿ ಅಂತ. ಮುಳ್ಗೋಗಾಕಿಲ್ಲ ತಾನೆ?”

ನಾನು ಆ ಫಂಡಿನ ಮಾತು ತೆಗೆದು, ಸೀಮೆಸುಣ್ಣದ ಚೂರಿನಷ್ಟು ಯುರೇನಿಯಂನ ಕಥೆ ಹೇಳಿದೆ. ನೀವು ಬಾಯಿಗೆ ಸೆರಗು ಹಿಡಿದು ಕೇಳಿದಿರಿ. ನಿಮ್ಮ ಕಣ್ಣಲ್ಲಿ ನನ್ನದೇ ಬೆರಗು ಕಂಡಾಗ — ಏನು ಹೇಳಲಿ, ಮತ್ತೆ ತರಗತಿಯಲ್ಲಿ ನಿಂತಂತಾಯಿತು. ಆಮೇಲೆ ಅಂದೆ:

“ಅಟ್ಟದ ಮೇಲೆ ಕಾಯಿ ಹಾಕಿದ ಹಾಗೆ ಅಂದ್ಕೊಳ್ಳಿ ಜಯಮ್ಮ. ಸುಮ್ಮನೆ ಬಿಡಿ, ತಾನೇ ಕೊಬ್ಬರಿಯಾಗುತ್ತೆ.”

ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಭರವಸೆ ಇಲ್ಲ. ಅಟ್ಟಕ್ಕೆ ಹಾಕಿದ ಕಾಯಿಯನ್ನು ಯಾರೂ ಮಧ್ಯದಲ್ಲಿ ಕೆದಕುವುದಿಲ್ಲ; ವರ್ಷ ತುಂಬುವ ಹೊತ್ತಿಗೆ ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗೊಟಗೊಟ ಎನ್ನುತ್ತದೆ. ಕಾಯಿಗೆ ತನ್ನ ಕಾಲ ಗೊತ್ತು. ಯುರೇನಿಯಂ ಬೆಲೆಗೆ ಯಾವ ಕಾಲವೂ ಗೊತ್ತಿಲ್ಲ — ಇದನ್ನು ನುಂಗಿಕೊಂಡೆ. ನೀವು ದುಡ್ಡನ್ನೆಲ್ಲ ಆ ಫಂಡಿಗೆ ಹಾಕಿದಿರಿ.

ಮರುವರ್ಷ ಪಟ್ಟಿ ಮಾರಾಟಕ್ಕೆ ಬಂತು. ನಿಮ್ಮ ದುಡ್ಡು ಮೂರರಲ್ಲಿ ಎರಡು ಪಾಲಿಗೆ ಇಳಿದಿತ್ತು, ಕೊಳ್ಳಲು ಸಾಲಲಿಲ್ಲ. ಬೇರೆಯವರು ಕೊಂಡು ಬೇಲಿ ಹಾಕಿದರು. “ಇನ್ಯಾಕೆ ತೆಗೀಲಿ, ಅಲ್ಲೇ ಇರ್ಲಿ ಬುಡಿ ಸಾ” ಅಂದಿರಿ.

ಈಗ ಆ ದುಡ್ಡು ನೀವು ಇಟ್ಟದ್ದನ್ನೂ ದಾಟಿ ಮೇಲೆ ಹೋಗಿದೆ. ಆ ಏರಿಕೆ ಕಂಡರೆ ಇವತ್ತಿಗೂ ಬೆರಗಾಗುತ್ತದೆ, ಜೊತೆಗೆ ಹೆದರಿಕೆಯೂ. ಮೊನ್ನೆ ನೀವು ಉಂಡೆ ಕೊಬ್ಬರಿ ತಂದುಕೊಟ್ಟಿರಿ.

“ನೀವು ಏಳ್ದಂಗೇ ಆಯ್ತು ಸಾ. ನನ್ನ ಅಣೇಬರಾನೇ ನೆಟ್ಟಗಿರ್ಲಿಲ್ಲ.”

ನಾನು ಕೊಬ್ಬರಿ ತೆಗೆದುಕೊಂಡೆ. ತಲೆಯಾಡಿಸಿದೆ ಕೂಡ.

ಇವತ್ತು ಬೆಳಿಗ್ಗೆ ಕೆರೆ ಏರಿಯ ಮೇಲೆ ನಿಮ್ಮನ್ನು ದೂರದಿಂದ ಕಂಡೆ. ತಲೆಯ ಮೇಲೆ ಕಾಯಿಮೂಟೆ ಹೊತ್ತು, ನಿಂತು ನಿಂತು, ಗಾಡಿ ಹೋಗದ ಆ ಸುತ್ತುದಾರಿಯಲ್ಲಿ ಬರುತ್ತಿದ್ದಿರಿ. ನಾಳೆ ನಿಮ್ಮ ಮನೆಗೆ ಬಂದು ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ನಿಮ್ಮ ಹಣೆಬರಹ ನೆಟ್ಟಗೇ ಇತ್ತು, ಜಯಮ್ಮ.