ಗೆಳೆಯನ ಸುನ್ನತಿಯ ಸಕ್ಕರೆ

ನಾನು ಚಿಕ್ಕವನಿದ್ದಾಗ ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಪ್ರತಿ ಸಲವೂ ಬೇರೆ ಯಾವುದೋ ಕಥೆ ಹೇಳಿ ಎದ್ದಿದ್ದೇನೆ. ಇವತ್ತು ಹಾಗೆ ಏಳುವುದಿಲ್ಲ.

ಹಿರೇಗುಂಟನೂರಿನಲ್ಲಿ ನಮ್ಮದು ಲಿಂಗ ಕಟ್ಟಿಕೊಳ್ಳುವವರ ಮನೆ. ಹತ್ತಿ ಮನೆಗೆ ಬಂದ ಮೇಲೆ ಪಿಂಜಾರ ಮಾಮ ದೊಡ್ಡ ಬಿಲ್ಲು ಹೊತ್ತು ಬಂದು ನಮ್ಮ ಪಡಸಾಲೆಯಲ್ಲಿ ಅದನ್ನು ಹಿಂಜುತ್ತಿದ್ದರು. ಬಿಲ್ಲಿನ ತಂತಿ ಟೊಂಯ್ ಟೊಂಯ್ ಎನ್ನುತ್ತಿತ್ತು. ಅರಳೆ ಹಾರಿ ನಮ್ಮ ಹುಬ್ಬು, ಮೂಗಿನ ಮೇಲೆಲ್ಲ ಕೂರುತ್ತಿತ್ತು. ಅವರ ಮಗ ನನ್ನ ಜೀವದ ಗೆಳೆಯ. ಇಬ್ಬರೂ ಐಗಳ ಶಾಲೆಯಲ್ಲಿ ಅಕ್ಕಪಕ್ಕ ಕುಳಿತು ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದೆವು.

ಆ ವರ್ಷ ಅವನಿಗೆ ಸುನ್ನತಿ ನಿಶ್ಚಯವಾಯಿತು. ಗಂಡುಹುಡುಗನ ಮೈಯಿಂದ ಒಂದು ಚೂರು ಚರ್ಮ ತೆಗೆಯುವ ಶಾಸ್ತ್ರ ಅದು. ಯಾಕೆ ಎಂದು ಕೇಳಿದೆ. ಮಾಮ ಬಿಲ್ಲನ್ನು ಪಕ್ಕಕ್ಕಿಟ್ಟರು.

“ಇಬ್ರಾಹಿಂ ಪೈಗಂಬರರು ಅಂತ ನಮ್ಮ ಹಿರೀಕರು. ದೇವರ ಮಾತಿಗೆ, ಮುಪ್ಪಿನ ಕಾಲ್ದಾಗೆ ತಮ್ಮ ಮೈಗೇ ಮೊದ್ಲು ಮಾಡ್ಕಂಡ್ರು. ಅವರು ನಡೆದ ದಾರಿ ಐತೆ, ನಾವೂ ನಡೀತೀವಿ ಕಣಪ್ಪ.”

ಯಹೂದಿಗಳೂ ಅದೇ ಹಿರಿಯರ ಹೆಸರು ಹೇಳಿ ಮಗು ಹುಟ್ಟಿದ ಎಂಟನೆಯ ದಿನ ಇದನ್ನು ಮಾಡುತ್ತಾರೆ, ಅದಕ್ಕೂ ಹಿಂದೆ ಈಜಿಪ್ಟಿನಲ್ಲಿ ಈ ಪದ್ಧತಿ ಇತ್ತು ಎಂದೆಲ್ಲ ನಾನು ತಿಳಿದದ್ದು ಹೈಸ್ಕೂಲಿಗೆ ಹೋದ ಮೇಲೆ.

ಶಾಸ್ತ್ರದ ದಿನ ಗೆಳೆಯ ಮದುಮಗನಂತೆ ಮುಖಕ್ಕೆ ಮಲ್ಲಿಗೆ ಸರ ಇಳಿಬಿಟ್ಟು ಕುದುರೆ ಏರಿದ್ದ. ಹತ್ತು ಹನ್ನೆರಡು ದಿನ ಕಳೆದು, ಸಡಿಲ ಪಂಚೆ ಎತ್ತಿ ಹಿಡಿದು, ಕಾಲಗಲಿಸಿ ನಡೆಯುತ್ತ ಶಾಲೆಗೆ ಬಂದ. ಮುತ್ತುಗದ ಎಲೆಯಲ್ಲಿ ಸಕ್ಕರೆ, ಕೊಬ್ಬರಿ ತಂದಿದ್ದ.

“ತಗಳ್ಲೇ, ನಿಂಗೇ ಮೊದ್ಲು.”

“ಬಾತುಕೋಳಿ ಬಂತ್ರಲೇ!” ಎಂದು ಹಿಂದಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಸಕ್ಕರೆ ತಿಂದರೆ ನನ್ನನ್ನೂ ನಗುತ್ತಾರೆ ಎಂದು ಹೆದರಿದೆ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಚ್ಚಿ ಹಿಡಿದು, ದೊಡ್ಡವರಂತೆ ಹೇಳಿದೆ: “ದೂರ ಇರು. ಗಾಯ ಇನ್ನೂ ಮಾಯ್ದಿಲ್ಲ. ನನ್ನ ಲಿಂಗಕ್ಕೆ ಮೈಲಿಗೆ ಆಗ್ತೈತೆ.”

ಅವನು ಎಲೆ ಮಡಚಿಕೊಂಡು ಹೊರಟ. ಮರುದಿನದಿಂದ ಶಾಲೆಗೆ ಬರಲಿಲ್ಲ. ತಂದೆಯ ಜೊತೆ ಹಿಂಜಲು ಕುಳಿತುಬಿಟ್ಟ.

ಶಾಲೆಯಲ್ಲಿ ನಡೆದದ್ದನ್ನು ಯಾರಿಂದಲೋ ಕೇಳಿದ ನನ್ನ ಅಕ್ಕ ಮನೆಯಲ್ಲಿ ಹೇಳಿದಳು. ಅಪ್ಪ ಹೊಡೆಯಲಿಲ್ಲ.

“ಲಿಂಗ ಕಟ್ಟಿದ ಮೈಗೆ ಮೈಲಿಗೇನೇ ಇಲ್ಲ ಅಂತಾರಲ್ಲೋ ನಮ್ಮೋರು! ಯಾರ ಹತ್ರ ಕಲ್ತೆ ಇದನ್ನ? ನಿನಗೆ ಲಿಂಗ ಕಟ್ಟಿದಾಗ ನಿನ್ನ ಕೇಳಿದ್ವೇನಪ್ಪ? ಅವರ ಮನೆಯಾಗೂ ಹಂಗೇ. ನಾಳೆ ಹೋಗಿ ತಪ್ಪಾತು ಅನ್ನು.”

ನಾಳೆ, ನಾಳಿದ್ದು ಎನ್ನುತ್ತ ವರ್ಷಗಳು ಕಳೆದವು. ನನ್ನ ಮದುವೆಯ ಗಾದಿಗೆ ಅರಳೆ ಹಿಂಜಿದವನು ಅವನೇ. “ಮೆತ್ತಗೈತಾ ನೋಡ್ರಿ, ಗೌಡ್ರೆ” ಎಂದ. ನನಗೆ ಲೇ ಎನ್ನುತ್ತಿದ್ದವನು ರೀ ಎಂದ. ಆಗಲೂ ಗಾದಿ ಒತ್ತಿ ನೋಡಿ, ಮೆತ್ತಗೈತೆ ಎಂದಷ್ಟೇ ಹೇಳಿದೆ. ಶಾಲೆಯಲ್ಲಿ ನನಗಿಂತ ಚೆನ್ನಾಗಿ ಮಗ್ಗಿ ಹೇಳುತ್ತಿದ್ದವನು ಕಲಿತ ನಾಲ್ಕಕ್ಷರವೂ ಮರೆತು, ಕೊನೆಯವರೆಗೂ ಸಹಿಯ ಬದಲು ಹೆಬ್ಬೆಟ್ಟು ಒತ್ತುತ್ತಲೇ ಇದ್ದು ತೀರಿಕೊಂಡ.

ಮಕ್ಕಳೇ, ಈಗ ಸುನ್ನತಿಯನ್ನು ಆಸ್ಪತ್ರೆಯಲ್ಲಿ ವೈದ್ಯರು ಮಾಡುತ್ತಾರೆ. ನಿಮ್ಮ ಬೆಂಚಿನಲ್ಲಿ ಎಲ್ಲ ಮನೆಯ ಮಕ್ಕಳೂ ಭುಜಕ್ಕೆ ಭುಜ ತಾಗಿಸಿ ಕೂರುತ್ತೀರಿ, ಒಬ್ಬರ ಬುತ್ತಿಗೆ ಒಬ್ಬರು ಕೈ ಹಾಕುತ್ತೀರಿ. ನಮ್ಮ ಕಾಲವೇ ಹಾಗಿತ್ತು ಎಂದು ನಾನು ತಪ್ಪಿಸಿಕೊಳ್ಳುವುದಿಲ್ಲ. ಅಪ್ಪನೂ ಅದೇ ಕಾಲದವನು. ನಾನು ತಪ್ಪಾಯಿತು ಎನ್ನದೆ ಉಳಿದ ಆ ಗೆಳೆಯನ ಹೆಸರು ಹುಸೇನಪ್ಪ.