ಸಿರಸಂಗಿಗೆ ಬಂದ ಹೊಳೆ

ನಾನು ಬರೆಯಬೇಕಾಗಿದ್ದದ್ದು ಒಂದೇ ಸಾಲು. ‘ಈ ಪುಟ ಬರೆದವಳು ನಾನು, ನನ್ನ ಅಕ್ಕ ಅಲ್ಲ.’ ಎದುರಿಗೆ ಕಂಪ್ಯೂಟರ್ ಇತ್ತು, ಕೈಗೆ ಟೈಪಿಂಗ್ ಬರುತ್ತಿತ್ತು. ಬರೆಯಲಿಲ್ಲ.

ಹೋದ ತಿಂಗಳು ಬೈಲಹೊಂಗಲದ ತವರುಮನೆಯಲ್ಲಿ ಅಟ್ಟ ತೆರವು ಮಾಡುತ್ತಿದ್ದರು. ಅಣ್ಣನ ಹೆಂಡತಿ, ನಮ್ಮ ವೈನಿ, ಅವ್ವನ ಕಾಲದ ಬೀಜದ ಗಡಿಗೆಯೊಂದನ್ನು ಕೆಳಗಿಳಿಸಿ ಬಾಯಿಗೆ ಕಟ್ಟಿದ್ದ ಅರಿವೆ ಬಿಚ್ಚಿದಳು. ಬೂದಿ ಮತ್ತು ಒಣ ಬೇವಿನೆಲೆಯ ವಾಸನೆ ಪಡಸಾಲೆಯ ತುಂಬ ಹರಡಿತು. ಅವಳು ಒಳಗೆ ಕೈಹಾಕಿ ಹಾಳೆ ತುಂಬ ಬರೆದಿದ್ದ ಒಂದು ವಹಿ ಹೊರತೆಗೆದಳು.

“ಇದೇನ್ರಿ ಇದು? ಜ್ವಾಳದ ಜೋಡಿ ವಹೀನೂ ಬಿತ್ತಾಕ ಇಟ್ಟಿದ್ರೇನ?” ಎಂದು ನಕ್ಕಳು.

ನನಗೆ ನಗಲಾಗಲಿಲ್ಲ. ಅದನ್ನು ಆ ಗಡಿಗೆಯಲ್ಲಿ ಇಟ್ಟವಳು ನಾನೇ. ಇಷ್ಟು ವರ್ಷ ಆ ಅಟ್ಟದ ಕಡೆ ತಲೆಯೆತ್ತಿ ನೋಡಿರಲಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ಅವಳೊಬ್ಬಳೇ. ನಾನು ಏಳನೆಯ ಇಯತ್ತೆಗೆ ಸಾಲೆ ಬಿಟ್ಟು, ಆಮೇಲೆ ಟೈಪಿಂಗ್ ಕಲಿತವಳು. ಎರಡು ಸಾವಿರದ ಏಳೋ ಎಂಟೋ ಇರಬೇಕು… ಹಳೆಯ ಜೋಳದ ತಳಿಗಳನ್ನು ಅಭ್ಯಾಸ ಮಾಡುತ್ತಿದ್ದ ಒಂದು ಸಂಶೋಧನಾ ಗುಂಪಿನಲ್ಲಿ ಅಕ್ಕನಿಗೆ ಹಳ್ಳಿ ತಿರುಗಿ ಮಾಹಿತಿ ತರುವ ಕೆಲಸ ಸಿಕ್ಕಿತು. ನೇಸರಗಿ, ಮನೋಳಿ, ಸಿರಸಂಗಿ… ವಾರದಲ್ಲಿ ನಾಲ್ಕು ದಿನ ಬಸ್ಸಿನಲ್ಲೇ. ಊರಿಗೊಂದು ವಹಿ. ವಹಿಯಲ್ಲಿದ್ದದ್ದನ್ನು ಗುಂಪಿನ ವಿಕಿಗೆ ಏರಿಸಬೇಕು.

ವಿಕಿ ಅಂದರೇನು ಎಂದು ಕೇಳಿದಾಗ ಅಕ್ಕ ಹೇಳಿದ್ದಳು: “ಎಲ್ಲಾರೂ ಕೂಡಿ ಬರಿಯೋ ವಹಿ, ಕಂಪ್ಯೂಟರಿನ್ಯಾಗ. ನೀ ಬರದದ್ದನ್ನ ನಾ ತಿದ್ದಬಹುದು, ನಾ ತಿದ್ದಿದ್ದನ್ನ ಮತ್ತೊಬ್ರು. ಆದ್ರ ಅಳಿಸಿದ್ದೂ ಹೋಗೂದಿಲ್ಲ. ಯಾರು, ಯಾವತ್ತು, ಎಷ್ಟು ಗಂಟೆಕ್ಕ ಬರದ್ರು, ಎಲ್ಲಾ ಒಳಗ ಉಳೀತೈತಿ.”

ಅವಳಿಗೆ ಕುಳಿತು ಟೈಪ್ ಮಾಡಲು ಪುರಸೊತ್ತಿರಲಿಲ್ಲ. ತನ್ನ ಪಾಸ್‌ವರ್ಡ್ ನನಗೆ ಕೊಟ್ಟಳು. ನಾನು ಬಸ್‌ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ ಕುಳಿತು ಅವಳ ಹೆಸರಿನಲ್ಲಿ ಬರೆಯುತ್ತಿದ್ದೆ. ಹಿಂಗಾರಿ ಜೋಳವನ್ನು ಮುಂಗಾರು ಮಳೆಗೆ ಬಿತ್ತುತ್ತಾರೆ ಎಂದು ಗುಂಪಿನಲ್ಲಿ ಯಾರೋ ಬರೆದದ್ದನ್ನು ಒಮ್ಮೆ ತಿದ್ದಿದೆ. ಗುಂಪಿನ ಮುಖ್ಯಸ್ಥರಾಗಿದ್ದ ಸರ್ ಅದನ್ನು ಮೆಚ್ಚಿದರಂತೆ. ತಿದ್ದಿದವಳು ತಂಗಿ ಎಂದು ಅಕ್ಕ ಮುಚ್ಚಿಡದೆ ಹೇಳಿದಳು. ನನಗೂ ವಿಕಿಯಲ್ಲಿ ಬೇರೆ ಹೆಸರು ಮಾಡಿಸಿಕೊಡುತ್ತೇನೆ ಎಂದರಂತೆ ಸರ್. ಏಳನೆಯ ಇಯತ್ತೆಯವಳ ಹೆಸರು, ಅಷ್ಟೆಲ್ಲ ಕಲಿತವರ ನಡುವೆ… ನಾನು ಆ ದಿನದ ದಾರಿ ಕಾಯತೊಡಗಿದೆ.

ಆಗಲೇ ಸಿರಸಂಗಿಯ ವಹಿ ಬಂತು. ಅಲ್ಲಿಯ ಒಬ್ಬ ವಯಸ್ಸಾದ ಆಯಿ, ಅಕ್ಕ ಬೀಸುವ ಕಲ್ಲಿಗೆ ಕುಳಿತು ಒಂದು ಸೇರು ಜೋಳ ಬೀಸಿಕೊಡುವವರೆಗೆ ಬಾಯಿ ಬಿಟ್ಟಿರಲಿಲ್ಲವಂತೆ. ಆಮೇಲೆ ಎರಡು ದಿನ ಹೇಳಿದಳಂತೆ. ತೆನೆ ಬಾಗಿ ನಿಲ್ಲುವ ಒಂದು ಜೋಳ, ಮರುದಿನಕ್ಕೂ ಮೆತ್ತಗೇ ಉಳಿಯುವ ಅದರ ರೊಟ್ಟಿ. ಆ ಬೀಜ ಆಯಿಯ ಗಡಿಗೆಯಲ್ಲಿ ಒಂದು ಹಿಡಿ ಉಳಿದಿತ್ತು.

“ಜ್ವಾಕಿ,” ಎಂದಳು ಅಕ್ಕ ವಹಿ ಕೊಡುತ್ತ. “ಇದನ್ನ ಬಲ್ಲಾಕಿ ಆಕಿ ಒಬ್ಬಾಕೆನ.”

ಎರಡು ಸಲ ಟೈಪ್ ಮಾಡಿದೆ. ಎರಡು ಸಲವೂ ಉಳಿಸುವ ಮೊದಲೇ ಕರೆಂಟು ಹೋಯಿತು. ಮೂರನೆಯ ಸಲಕ್ಕೆ ಬೇಸರವಾಗಿತ್ತು. ಮನೋಳಿಯ ಪುಟವನ್ನು ಹಾಗೇ ಎತ್ತಿ, ಊರಿನ ಹೆಸರು ಬದಲಿಸಿ, ಸಿರಸಂಗಿ ಎಂದು ಹಾಕಿಬಿಟ್ಟೆ. ವಿಕಿ ತಾನೆ, ನಾಳೆ ತಿದ್ದಿದರಾಯಿತು ಅಂದುಕೊಂಡೆ. ಆ ನಾಳೆ ಹದಿನೈದು ದಿನವಾಯಿತು.

ಒಂದು ಬೆಳಿಗ್ಗೆ ಅಕ್ಕ, ಸರ್ ಇವತ್ತು ಮನೆಗೆ ಬರುತ್ತಾರಂತೆ, ಸಿರಸಂಗಿಯ ಪುಟದ ಬಗ್ಗೆ ಕೇಳಬೇಕಂತೆ ಎಂದಳು. ವಹಿ ನೋಡಿದರೆ ನನ್ನ ಕಳ್ಳತನ ಗೊತ್ತಾಗುತ್ತದೆಂದು, ಅವಳು ನೀರು ತರಲು ಹೋದಾಗ ನಾನು ಅದನ್ನು ಹಿಡಿದು ಅಟ್ಟ ಹತ್ತಿದೆ.

ಸರ್ ಎರಡು ಹಾಳೆ ಹಿಡಿದುಕೊಂಡು ಬಂದಿದ್ದರು. “ಸಿರಸಂಗಿಗೆ ಹೊಳಿ ಯಾವಾಗ ಬಂತ್ರಿ?” ಎಂದು ನಕ್ಕರು. ಮನೋಳಿಯ ಪುಟದ ‘ಮಲಪ್ರಭೆಯ ದಂಡೆಯ ಹೊಲಗಳಲ್ಲಿ ಬಿತ್ತುತ್ತಾರೆ’ ಎಂಬ ಸಾಲು ಸಿರಸಂಗಿಯ ಪುಟದಲ್ಲೂ ಹಾಗೇ ಉಳಿದಿತ್ತು. ಆಮೇಲೆ ಅವರು ನಗಲಿಲ್ಲ. “ಆ ಊರಿಗೆ ಹೋಗೀರೋ, ಇಲ್ಲಾ ಮನ್ಯಾಗ ಕುಂತು ಬರದೀರೋ?”

“ಹೋಗೀನ್ರಿ ಸರ್. ವಹಿ ಐತ್ರಿ.” ಅಕ್ಕ ನನ್ನ ಕಡೆ ತಿರುಗಿದಳು. “ತಂಗೀ, ಸಿರಸಂಗಿ ವಹಿ ತಗೊಂಬಾ.”

ನನ್ನ ಕೈಯಲ್ಲಿ ಚಹಾದ ತಾಟಿತ್ತು. “ಅದನ್ನ ನೀ ನನಗ ಕೊಟ್ಟೇ ಇಲ್ಲಲ್ಲಕ್ಕಾ,” ಎಂದೆ.

ಬಸ್ಸಿನಲ್ಲಿ ತಿಕೀಟು ಕಾಣದಾದವರು ಸೆರಗಿನ ಗಂಟನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುವಂತೆ ಅವಳು ನನ್ನ ಮುಖ ನೋಡಿದಳು. ನಾನು ತಾಟು ಇಟ್ಟು ಒಳಗೆ ಹೋದೆ. ಒಲೆಯ ಮುಂದೆ ನಿಂತವಳಿಗೆ ಅವಳ ದನಿ ಕೇಳಿತು. “ನನ್ನ ಹೆಸರಿನ್ಯಾಗ ಐತ್ರಿ ಸರ್. ತಪ್ಪು ನಂದ.”

ಅಕ್ಕನ ಹೆಸರನ್ನು ಗುಂಪಿನಿಂದ ತೆಗೆದರು. ಸಿರಸಂಗಿಯದು ಮಾತ್ರವಲ್ಲ, ಅವಳು ಕಾಲು ಸವೆಸಿ ತಂದ ಎಲ್ಲ ಊರಿನ ಪುಟಗಳ ನೆತ್ತಿಯ ಮೇಲೂ ‘ನಂಬಲರ್ಹವಲ್ಲ’ ಎಂದು ಬರೆದರು. ನಮ್ಮ ಮನೆಯಲ್ಲಿ ಕುಳಿತು ರೊಟ್ಟಿ ಝುಣಕ ಉಂಡು ಹೋಗಿದ್ದ ಗುಂಪಿನವರಲ್ಲಿ ಒಬ್ಬರೂ ಏನಾಯಿತು ಎಂದು ಕೇಳಲಿಲ್ಲ. ಅವರನ್ನು ನಾನು ಯಾವ ಬಾಯಿಂದ ಬೈಯಲಿ… ಗುಂಪಿಗೆ ಟೈಪ್ ಮಾಡುವವರು ಬೇಕಾಗಿದ್ದರು. ಮುಂದಿನ ವಾರ ನನಗೆ ವಿಕಿಯಲ್ಲಿ ಹೆಸರು ಬಂತು.

ಆ ಹೆಸರಿನಿಂದ ಒಳಗೆ ಹೋಗಿ ಸಿರಸಂಗಿಯ ತಪ್ಪು ಒಪ್ಪು ಬರೆಯುವ ಚರ್ಚೆಯ ಪುಟ ತೆರೆದೆ. ‘ಈ ಪುಟ’ ಎಂದು ಟೈಪ್ ಮಾಡಿ ಕೈ ನಿಲ್ಲಿಸಿದೆ. ಮುಚ್ಚಿದೆ. ಹೀಗೆ ಎಷ್ಟು ದಿನವೋ… ಕಡೆಗೆ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟೆ. ಅಧ್ಯಯನ ಮುಗಿದ ಮೇಲೆ ವಿಕಿಯನ್ನೇ ಮುಚ್ಚಿದರು. ಆ ಸಾಲು ಬರೆಯಲು ಈಗ ಜಾಗವೂ ಇಲ್ಲ.

ಅಕ್ಕನನ್ನು ರಾಮದುರ್ಗಕ್ಕೆ ಕೊಟ್ಟರು. ಅವಳು ಮತ್ತೆ ಏನನ್ನೂ ಬರೆಯಲಿಲ್ಲ. ಹಬ್ಬಕ್ಕೆ ಬಂದರೆ ನಗುತ್ತ ಮಾತನಾಡುತ್ತಿದ್ದಳು. ಆದರೆ ‘ಇದನ್ನ ಇಟ್ಟಿರು’ ಎಂದು ಒಂದು ಬಾಚಣಿಕೆಯನ್ನೂ ನನ್ನ ಕೈಗೆ ಕೊಡಲಿಲ್ಲ. ಮೊದಲಿನ ಆ ಅಕ್ಕ, ತನ್ನ ಪಾಸ್‌ವರ್ಡನ್ನೇ ಕೊಟ್ಟಿದ್ದವಳು, ಮತ್ತೆ ಬರಲಿಲ್ಲ.

ಹೋದ ರವಿವಾರ ವಹಿ ತೆಗೆದುಕೊಂಡು ರಾಮದುರ್ಗಕ್ಕೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕುಳಿತು ಅದನ್ನು ಬಿಡಿಸಿದಳು. ಹಾಳೆಗಳ ನಡುವಿನಿಂದ ಬೂದಿ ಉದುರಿತು. ಬಹಳ ಹೊತ್ತು ಓದಿದಳು.

“ಆ ಆಯಿ ಆವಾಗ್ಲೇ ತೀರಿಕೊಂಡ್ಲು,” ಎಂದಳು. “ಬೀಜ ಕೇಳಾಕ ಹೋಗಿದ್ದೆ. ಮನಿಯವ್ರು ಕೋಳಿಗೆ ಹಾಕಿದ್ರು.”

ಇನ್ನೊಂದು ಹಾಳೆ ತಿರುವಿ ಮತ್ತೆ ಹೇಳಿದಳು. “ಆ ಪುಟ ಬರದಾಗ ಮಧ್ಯಾಹ್ನ ನಾಕು ಗಂಟೆ. ವಿಕಿಯೊಳಗ ಹೊತ್ತು ಬರದಿತ್ತಲ್ಲ. ನಾ ಆವಾಗ ಸವದತ್ತಿ ಬಸ್ಸಿನ್ಯಾಗ ನಿಂತಿದ್ದೆ.”

“ಮತ್ತ ಸರ್‌ಗೆ ಯಾಕ ಹೇಳಲಿಲ್ಲಕ್ಕಾ?”

“ನೀ ಹೇಳ್ತಿ ಅಂತ ಕಾದೆ.” ವಹಿ ಮುಚ್ಚಿದಳು. “ಚಹಾ ಆರೋ ತನಕ ಕಾದೆ. ಆಮ್ಯಾಲೂ ಕಾದೆ.”

ಬೂದಿ ಅವಳ ಸೀರೆಯ ಮೇಲೆ ಬಿದ್ದಿತ್ತು, ಝಾಡಿಸಿಕೊಳ್ಳಲಿಲ್ಲ. ನಾನು ಕೆಳಗಿನ ಮೆಟ್ಟಿಲ ಮೇಲೆ ಕುಳಿತೆ. ಒಳಗಿನಿಂದ ಅವಳ ಮಗಳು, ಅತ್ತೆ ಇಬ್ಬರೂ ಹೊರಗೆ ಬಂದು ನಿಂತಿದ್ದರು. ಅವರು ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ:

“ಆ ಪುಟ ಬರದಾಕಿ ನಾನು. ವಹಿ ಮುಚ್ಚಿಟ್ಟಾಕಿ ನಾನು. ಕೊಟ್ಟಿಲ್ಲ ಅಂತ ಸುಳ್ಳು ಹೇಳಿದಾಕೀನೂ ನಾನ. ನನ್ನ ತಪ್ಪಾತಕ್ಕಾ.”